ಆಯಮ್ಮನ ಹಿತ್ತಿಲಿಗೆ ಹೀರೋ ಬಂದದ್ದು

ಕ್ಷೌರದ ಅಂಗಡಿಯಲ್ಲಿ ಕೋಳಿ ಸಾಕಬಾರದು ಎಂದು ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೂ ಆಯಮ್ಮನ ತಮ್ಮ ಅದಕ್ಕೆ ಸೊಪ್ಪು ಹಾಕುವ ಆಸಾಮಿಯಲ್ಲ. ಬೀದಿಯಲ್ಲಿ ಮರಿಗಳನ್ನು ಮಾರಿಕೊಂಡು ಹೋಗುತ್ತಿದ್ದ ಗಾಡಿಯ ಬುಟ್ಟಿಯಿಂದ ಒಂದು ಮರಿ ಜಾರಿ ಅವನ ಅಂಗಡಿಯ ಮೆಟ್ಟಿಲ ಮೇಲೆ ಬಿತ್ತು. ಗಿರಾಕಿಯ ತಲೆಯನ್ನು ಅರ್ಧಕ್ಕೇ ಬಿಟ್ಟು ಅವನು ಹೊರಗೆ ಓಡುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು. ಮರಿಯನ್ನು ಅಂಗೈಯಲ್ಲಿ ಹಿಡಿದು ಒಳಗೆ ತಂದ. ಟವೆಲ್ ಇಡುವ ಡಬ್ಬದಲ್ಲಿ ಹಳೆಯ ಬಟ್ಟೆ ಹಾಸಿ, ಮೇಲಿನಿಂದ ಬಲ್ಬು ಇಳಿಬಿಟ್ಟು ಮಲಗಿಸಿದ. ಅದು ಬದುಕುತ್ತದೆಂದು ಯಾರಿಗೂ ನಂಬಿಕೆ ಇರಲಿಲ್ಲ. ಬದುಕಿತು, ಬೆಳೆಯಿತು, ನೋಡನೋಡುತ್ತಿದ್ದಂತೆ ಹುಂಜವಾಯಿತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಕ್ಷೌರಿಕ ಒಬ್ಬನೇ ಇದ್ದ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ಅವನು ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳಿ ಕಳಿಸುತ್ತಿದ್ದ. ಹಗಲೆಲ್ಲ ಊರವರ ತಲೆ ಹಿಡಿದು ಮಾತಾಡಿದರೂ, ಕದ ಹಾಕಿದ ಮೇಲೆ ಮಾತಿಗೆ ಯಾರೂ ಇರುತ್ತಿರಲಿಲ್ಲ. ಈಗ ಊಟಕ್ಕೆ ಕೂತರೆ ತಟ್ಟೆಯ ಪಕ್ಕದಲ್ಲಿ ಹುಂಜ ಕೂರುತ್ತಿತ್ತು. ಅವನು ಮಾತಾಡಿದರೆ ಕತ್ತು ಓರೆ ಮಾಡಿ ಕೇಳುತ್ತಿತ್ತು. ಕೇಳಿದ್ದಕ್ಕೆ ಬದಲು ಹೇಳದಿರುವುದು ಅದರ ದೊಡ್ಡ ಗುಣ ಎಂದು ಅವನು ಹೇಳುತ್ತಿದ್ದ.

ಅಂಗಡಿಯಲ್ಲಿ ಎದುರಿಗೆ ಕನ್ನಡಿ, ಹಿಂದೆ ಕನ್ನಡಿ. ಹುಂಜ ತನ್ನನ್ನು ತಾನು ನೋಡಿಕೊಂಡೇ ಬೆಳೆಯಿತು. ಬೇರೆ ಕೋಳಿಯ ಮುಖವನ್ನು ಅದು ಕಂಡದ್ದೇ ಇಲ್ಲ. ಎದೆ ಉಬ್ಬಿಸಿ ಆ ಕಡೆಯಿಂದ ಈ ಕಡೆಗೆ ನಡೆದು, ತಿರುಗಿ ನೋಡಿ, ಮತ್ತೆ ನಡೆಯುತ್ತಿತ್ತು. ಜಂಬದ ಕೋಳಿ ಎಂದು ನಾವು ಸುಮ್ಮನೆ ಅನ್ನುವುದಲ್ಲ ಎಂದು ಗಿರಾಕಿಗಳು ನಗುತ್ತಿದ್ದರು. ಅವರೇ ಅದಕ್ಕೆ ಹೀರೋ ಎಂದು ಹೆಸರಿಟ್ಟರು.

ಎಲ್ಲ ಚೆನ್ನಾಗಿಯೇ ನಡೆದಿತ್ತು, ಕಟ್ಟಡದ ಮಾಲೀಕರು ಶೇವಿಂಗಿಗೆ ಬಂದು ಕೂರುವವರೆಗೆ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಅವರು ಕಣ್ಣು ಮುಚ್ಚಿದ್ದರು. ಕತ್ತಿ ಗಲ್ಲದ ತಿರುವಿನಲ್ಲಿತ್ತು. ಆಗಲೇ ಹೀರೋಗೆ ಪ್ರಾಯ ಬಂತು. ಕುರ್ಚಿಯ ಕೆಳಗಿನಿಂದ ಜೀವಮಾನದ ಮೊದಲನೇ ಕೂಗು ಹೊರಟಿತು, ಸಣ್ಣಪುಟ್ಟ ಕೂಗಲ್ಲ. ಮಾಲೀಕರು ಎಗರಿಬಿದ್ದರು. ಬಿಳಿ ನೊರೆಯಲ್ಲಿ ಕೆಂಪು ಗೆರೆ ಮೂಡಿತು.

"ಈ ವಾರ ಮುಗಿಯೋದ್ರೊಳಗೆ ಅದು ಹೋಗ್ಬೇಕು," ಎಂದರು ಮಾಲೀಕರು, ಟವೆಲ್ಲಿನಿಂದ ಗಲ್ಲ ಒತ್ತಿಕೊಂಡು. "ಇಲ್ಲಾಂದ್ರೆ ನೀನು, ನಿನ್ನ ಕುರ್ಚಿ, ನಿನ್ನ ಕನ್ನಡಿ ಎಲ್ಲಾ ಹೋಗ್ಬೇಕು."

ಹುಂಜವನ್ನು ತೆಗೆದುಕೊಳ್ಳುತ್ತೇವೆಂದು ಮುಂದೆ ಬಂದವರಿಗೆ ಕಡಿಮೆ ಇರಲಿಲ್ಲ. ಆದರೆ ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಅದರ ತೂಕ. ಕ್ಷೌರಿಕ ಅವರನ್ನೆಲ್ಲ ಮೆಟ್ಟಿಲಿಂದಲೇ ವಾಪಸ್ ಕಳಿಸಿದ. ಕೊನೆಗೆ ಉಳಿದದ್ದು ಒಂದೇ ಮನೆ, ಅಕ್ಕನ ಮನೆ. ಅಲ್ಲಿಗೆ ಹೋಗಲು ಅವನಿಗೆ ಸ್ವಲ್ಪ ಹೆದರಿಕೆ. ಅಕ್ಕನಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ, ಹಾಗೆಯೇ ಅವಳ ಹತ್ತಿರ ಓಡದವರೂ ಇರಲಿಲ್ಲ.

ಆಯಮ್ಮ ಎನ್ನುವುದು ಅವಳ ಹೆಸರಲ್ಲ, ಅವಳ ಕೆಲಸ. ಹೆಸರನ್ನು ಕೆಲಸ ಎಂದೋ ನುಂಗಿಹಾಕಿತ್ತು. ಚಿಕ್ಕ ಮಕ್ಕಳ ಶಾಲೆಯಲ್ಲಿ ಆಯಾ ಆಗಿ ಸೇರಿ, ಅಲ್ಲೇ ತಲೆ ನರೆಸಿಕೊಂಡು, ಕೆಲವು ವರ್ಷಗಳ ಹಿಂದೆ ಮನೆಗೆ ಬಂದವಳು. ಅವಳ ಕೈಯಲ್ಲಿ ಮೂಗು ಒರೆಸಿಕೊಂಡ ಮಕ್ಕಳು ಈಗ ಮೀಸೆ ಟ್ರಿಮ್ ಮಾಡಿಸಲು ತಮ್ಮನ ಅಂಗಡಿಗೆ ಬರುತ್ತಾರೆ. ಅವಳು ಹೊರಗೆ ಹಾದುಹೋದರೆ ಇವತ್ತಿಗೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಶಾಲೆ ಶುರುವಾಗುವ ದಿನಗಳಲ್ಲಿ ಮಕ್ಕಳ ತಲೆ ಕತ್ತರಿಸಲು ಕ್ಷೌರಿಕ ಅಲ್ಲಿನ ಪಡಸಾಲೆಯಲ್ಲಿ ಕೂರುತ್ತಿದ್ದ. ಅಕ್ಕನ ಕೆಲಸವನ್ನು ಅವನು ಕಣ್ಣಾರೆ ನೋಡಿದ್ದು ಅಲ್ಲಿಯೇ. ಹೊಸ ಮಗು ಗೇಟಿನಲ್ಲಿ ಉರುಳಾಡಿ ಅಳುತ್ತಿತ್ತು. ಒಳಗಿನ ಮಕ್ಕಳದ್ದು ಆಗಲೇ ಒಂದು ಗುಂಪು, ಅದಕ್ಕೊಬ್ಬ ನಾಯಕಿ, ಅವಳಿಗೊಂದು ಬಾಲ. ಹೊಸಬರನ್ನು ಕಂಡರೆ ಅವರಿಗೆ ಆಗದು. ಆಯಮ್ಮ ಹೊಸ ಮಗುವನ್ನು ಗುಂಪಿನ ಮಧ್ಯಕ್ಕೆ ತಳ್ಳುತ್ತಿರಲಿಲ್ಲ, ಎಲ್ಲರೂ ಫ್ರೆಂಡ್ಸ್ ಆಗಿ ಎಂದು ಉಪದೇಶ ಮಾಡುತ್ತಿರಲಿಲ್ಲ. ದೂರದಲ್ಲಿ ತನ್ನ ಪಕ್ಕ ಕೂರಿಸಿಕೊಂಡು ಅದರ ಪಾಡಿಗೆ ಅದನ್ನು ಬಿಡುತ್ತಿದ್ದಳು. ಅಳು ಇಳಿದ ಮೇಲೆ ಬಿಸ್ಕತ್ತಿನ ಡಬ್ಬಿಯನ್ನು ಅದರ ಮಡಿಲಲ್ಲಿ ಇಡುತ್ತಿದ್ದಳು. ಅವತ್ತು ಬಿಸ್ಕತ್ತು ಬೇಕಾದವರು ಅದರ ಕೈಯಿಂದಲೇ ಇಸಿದುಕೊಳ್ಳಬೇಕು. ಮೊದಲು ಬರುತ್ತಿದ್ದುದು ಗುಂಪಿನ ಅಂಚಿನಲ್ಲಿರುವ, ಯಾರೂ ಕೇಳದ ಮಗು. ಹಿಂದೆಯೇ ಇನ್ನೊಂದು. ನಾಯಕಿ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು, ಮುಖ ಊದಿಸಿಕೊಂಡು. ಇಷ್ಟೇ ಅವಳ ವಿದ್ಯೆ. ಹೇಳಿದರೆ ಏನೂ ಇಲ್ಲ ಅನಿಸುತ್ತದೆ. ಮಾಡಿ ನೋಡಿದವರಿಗೆ ಗೊತ್ತು, ಮಗು ಅಳುತ್ತಿರುವಾಗ ಸುಮ್ಮನೆ ಪಕ್ಕದಲ್ಲಿ ಕೂರುವುದಕ್ಕೆ ಎಂಥ ಗುಂಡಿಗೆ ಬೇಕೆಂದು.

ಕೆಲಸ ಬಿಟ್ಟ ಮೇಲೆ ಹೊತ್ತು ಹೋಗದೆ ಆಯಮ್ಮ ಕೋಳಿ ಸಾಕಿದಳು. ಮನೆಯ ಹಿಂದೆ ಉದ್ದನೆಯ ಹಿತ್ತಿಲು, ಒಂದು ಪೇರಲ ಮರ, ಬಟ್ಟೆ ಒಗೆಯುವ ಕಲ್ಲು, ಗೋಡೆಗೆ ಒರಗಿದ ಹಲಗೆಯ ಗೂಡು. ಅಲ್ಲಿ ಏಳೆಂಟು ಹೇಂಟೆಗಳ ಸಂಸಾರ. ಮೊದಲಿದ್ದ ಹುಂಜ ಮುದಿಯಾಗಿ ಸತ್ತ ಮೇಲೆ ಹೇಂಟೆಗಳೇ ಯಜಮಾನಿಕೆ ವಹಿಸಿಕೊಂಡಿದ್ದವು. ಎಲ್ಲಕ್ಕಿಂತ ಹಿರಿಯಳಾದ ಬೂದು ಬಣ್ಣದ ಹೇಂಟೆಗೆ ಆಯಮ್ಮ ಹೆಡ್‌ಮಿಸ್ಸು ಎಂದು ಹೆಸರಿಟ್ಟಿದ್ದಳು. ಅದು ತಿಂದು ಮುಗಿಸುವವರೆಗೆ ಉಳಿದವು ಕಾಳಿಗೆ ಬಾಯಿ ಹಾಕುವಂತಿಲ್ಲ. ಎಲ್ಲರಿಂದಲೂ ಕುಕ್ಕಿಸಿಕೊಂಡು, ಉಳಿದದ್ದನ್ನು ತಿನ್ನುತ್ತಿದ್ದ ಸಣ್ಣ ಹೇಂಟೆಯ ಹೆಸರು ಪುಕ್ಕಲಿ. ಎಲ್ಲವೂ ತಂತಮ್ಮ ಜಾಗ ತಿಳಿದು ಬಾಳುತ್ತಿದ್ದವು. ಅಂಥ ಮನೆಗೆ ಹೊಸ ಹುಂಜವನ್ನು ಬಿಡುವುದೆಂದರೆ ತಮಾಷೆಯಲ್ಲ.

ಹೊರಡುವ ದಿನ ಕ್ಷೌರಿಕ ಹೀರೋನನ್ನು ಕುರ್ಚಿಯ ಮೇಲೆ ನಿಲ್ಲಿಸಿ ಕೊನೆಯ ಸಲ ಕಣ್ತುಂಬ ನೋಡಿದ. ಕತ್ತಿನ ಸುತ್ತ ಉದ್ದನೆಯ ಹೊಂಬಣ್ಣದ ಗರಿಗಳು ಬೆಳೆದು ಭುಜದ ಮೇಲೆ ಇಳಿಬಿದ್ದಿದ್ದವು. ಒಂದು ಉದ್ದ, ಒಂದು ಗಿಡ್ಡ. ಹೊಸ ಮನೆಗೆ ಹೋಗುವವನು ಹೀಗೆ ಕೆದರಿಕೊಂಡು ಹೋಗುವುದೇ? ಜೀವನವಿಡೀ ಕತ್ತರಿ ಆಡಿಸಿದ ಕೈ ಸುಮ್ಮನಿರಲಿಲ್ಲ. ಬಾಚಣಿಗೆ ಹಿಡಿದು, ಸುತ್ತಲೂ ಒಂದೇ ಸಮನಾಗಿ, ಗಿಡ್ಡವಾಗಿ ಕತ್ತರಿಸಿದ. ತಲೆಯ ಕೆಂಪು ಜುಟ್ಟಿಗೆ ಎಣ್ಣೆ ಸವರಿದ. ನಿಜ ಹೇಳಬೇಕೆಂದರೆ ಅಷ್ಟು ನೀಟಾದ ಕಟಿಂಗ್ ಅವನು ಮನುಷ್ಯರಿಗೂ ಮಾಡಿರಲಿಲ್ಲ.

ಆಯಮ್ಮ ತಮ್ಮನ ಮಾತನ್ನೆಲ್ಲ ಕೇಳಿಸಿಕೊಂಡಳು. ಹೀರೋ ಕೂತಿದ್ದ ಬುಟ್ಟಿಯ ಮೇಲೆ ಟವೆಲ್ ಮುಚ್ಚಿತ್ತು.

"ಅಕ್ಕಾ, ನೀನೂ ಇಟ್ಕೊಳ್ಳಲ್ಲ ಅಂದ್ರೆ ಇವನ ಕಥೆ ಮುಗೀತು."

"ನಾನು ಇಟ್ಕೊಂಡ್ರೆ ಆಯ್ತೇನೋ? ಅವು ಇಟ್ಕೊಳ್ತಾವಾ ಕೇಳು. ಮನೆ ಅವರದ್ದು." ಹಿತ್ತಿಲ ಕಡೆ ಒಮ್ಮೆ ನೋಡಿ ಮತ್ತೆ ಹೇಳಿದಳು: "ಇರ್ಲಿ, ನೋಡೋಣ. ಆದ್ರೆ ಒಂದು ಮಾತು. ನನ್ನ ಹೇಂಟೆಗಳಲ್ಲಿ ಒಂದಕ್ಕೆ ಕಣ್ಣು ಹೋದ್ರೂ ನಾನು ಇವನನ್ನ ಇಟ್ಕೊಳ್ಳಲ್ಲ. ಇವನು ದಿನಾ ಕುಕ್ಕಿಸಿಕೊಂಡು ಮೂಲೇಲಿ ಬಿದ್ದಿರೋ ಹಾಗಾದ್ರೂ ಇಟ್ಕೊಳ್ಳಲ್ಲ. ಅದು ಬಾಳಲ್ಲ ಕಣೋ. ಅದಕ್ಕಿಂತ ನಿನ್ನ ಭಾವನ ಪಾತ್ರೆನೇ ವಾಸಿ."

ಭಾವ, ಅಂದರೆ ಆಯಮ್ಮನ ಗಂಡ, ಬಾಗಿಲಿಗೆ ಒರಗಿ ನಿಂತಿದ್ದ. ಬಸ್ ಓಡಿಸಿ ನಿವೃತ್ತನಾದ ಮನುಷ್ಯ, ಊಟದ ವಿಷಯ ಬಂದರೆ ಕಿವಿ ಚುರುಕು. "ಪಾತ್ರೆ ತೊಳೆದೇ ಇದೆ," ಎಂದ.

ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಮೂಲೆಗೆ ಆಯಮ್ಮ ಜಾಲರಿ ಕಟ್ಟಿದಳು. ಆ ಕಡೆಯವರು ಈ ಕಡೆಯವನನ್ನು ನೋಡಬಹುದು, ಮುಟ್ಟುವಂತಿಲ್ಲ. ಒಳಗೆ ಹೀರೋನನ್ನು ಬಿಟ್ಟರು. ಹೇಂಟೆಗಳು ತಲೆ ಎತ್ತಿದವು. ಹೆಡ್‌ಮಿಸ್ಸು ಗಂಭೀರವಾಗಿ ನಡೆದು ಬಂದು, ಜಾಲರಿಯ ಹತ್ತಿರ ನಿಂತು, ಕತ್ತಿನ ಗರಿಗಳನ್ನು ಕೊಡೆಯಂತೆ ಬಿಚ್ಚಿತು. ಯಾರು ನೀನು ಎಂದು ಕೋಳಿ ಕೇಳುವುದು ಹಾಗೆ. ಕೇಳಿದ್ದಕ್ಕೆ ಹುಂಜವೂ ತನ್ನ ಗರಿ ಬಿಚ್ಚಿ ತೋರಿಸಬೇಕು, ಅದು ಹುಟ್ಟಿನಿಂದಲೇ ಗೊತ್ತಿರುವ ಭಾಷೆ. ಹೀರೋ ಕೂಡ ಕತ್ತು ಚಾಚಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬಿಚ್ಚಿದ. ಬಿಚ್ಚಿದ್ದೇನು? ಸವೆದ ಬ್ರಷ್ಷಿನಂತೆ ನಾಲ್ಕು ಮೋಟು ಗರಿಗಳು ನಿಂತವು. ಹೆಡ್‌ಮಿಸ್ಸು ಅರೆಗಳಿಗೆ ನೋಡಿ, ಜಾಲರಿಯ ಸಂದಿಯಿಂದ ಕೊಕ್ಕು ತೂರಿಸಿ ಅವನ ಮೂತಿಗೆ ಒಂದು ಬಿಗಿಯಿತು. ಹೀರೋ ಕಲ್ಲಿನ ಹಿಂದೆ ಅಡಗಿದ.

ಆಯಮ್ಮ ನಿಧಾನವಾಗಿ ತಮ್ಮನ ಕಡೆ ತಿರುಗಿದಳು. "ಇದರ ಕತ್ತಿಗೆ ಏನಾಗಿದೆ?"

ಕ್ಷೌರಿಕ ಕೆಮ್ಮಿದ. "ಸ್ವಲ್ಪ... ಟ್ರಿಮ್ ಮಾಡ್ದೆ."

ಅವಳು ನೋಡಿದ ನೋಟಕ್ಕೆ ಅವನ ವಯಸ್ಸೆಲ್ಲ ಇಳಿದುಹೋಯಿತು. ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡು ನಿಂತ.

"ಹುಂಜಕ್ಕೆ ಕಟಿಂಗ್ ಮಾಡಿದ್ದೀಯಾ? ಕೋಳಿಗಳ ಮುಂದೆ ಅದಕ್ಕೆ ಇರೋ ಮರ್ಯಾದೇನೇ ಅದು ಕಣೋ! ಕತ್ತರಿಸಿದ ಗರಿ ತಲೆಕೂದಲಿನ ಹಾಗೆ ತಿಂಗಳಿಗೆ ಬೆಳೆಯಲ್ಲ. ಹಳೇದು ಉದುರಿ ಹೊಸದು ಬರ್ಬೇಕು. ಅದಕ್ಕಿನ್ನೂ ಕಾಲ ಇದೆ." ಬೈಯುತ್ತಾ ಬೈಯುತ್ತಾ ಅವಳಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಸರಿ, ಗರಿ ಇಲ್ಲದೇನೇ ಇವನು ಗೆಲ್ಲಬೇಕು. ನೀನು ಹೋಗು. ನಾನು ಕರೆಯೋವರೆಗೆ ಈ ಕಡೆ ತಲೆ ಹಾಕ್ಬೇಡ."

ತಲೆ ಹಾಕಬೇಡ ಎಂದರೆ ಹಾಕದಿರುವ ಜಾತಿಯೇ ಅವನು? ಎರಡು ದಿನ ಹಲ್ಲು ಕಚ್ಚಿ ಅಂಗಡಿಯಲ್ಲಿ ಕೂತ. ಮೂರನೇ ದಿನ ಒಬ್ಬ ಗಿರಾಕಿಯ ಮೀಸೆಯ ಒಂದು ತುದಿಯನ್ನು ತುಂಡು ಮಾಡಿದ ಮೇಲೆ, ಇನ್ನು ತನ್ನಿಂದ ಆಗದೆಂದು ಅಂಗಡಿಗೆ ಬೀಗ ಹಾಕಿ ಹೊರಟ. ಹಿತ್ತಿಲಿನ ಗೋಡೆಯ ಹೊರಗೆ ಇಟ್ಟಿಗೆ ಪೇರಿಸಿ ಹತ್ತಿ ಇಣುಕಿದ. ಹೀರೋ ಕಲ್ಲಿನ ನೆರಳಲ್ಲಿ ಒಬ್ಬನೇ ನಿಂತಿದ್ದ. ಅದನ್ನು ನೋಡಿ ಕ್ಷೌರಿಕನ ಬಾಯಿಂದ ತಾನಾಗಿಯೇ "ಅಯ್ಯೋ ಕಂದಾ" ಎಂದು ಬಂತು.

ಅಷ್ಟು ಸಾಕಾಯಿತು. ಹೀರೋ ಆ ದನಿ ಕೇಳಿದ್ದೇ ರೆಕ್ಕೆ ಬಡಿದು, ಕಲ್ಲು ಹತ್ತಿ, ಜಾಲರಿಯ ಮೇಲಿಂದ ಹಾರಿದ. ಬಿದ್ದದ್ದು ಹೇಂಟೆಗಳ ನಡುಮಧ್ಯೆ. ಅವನಿಗೆ ಹೇಂಟೆಗಳ ಪರಿವೆಯೇ ಇರಲಿಲ್ಲ, ಗೋಡೆಯ ಕಡೆಗೆ, ತನ್ನ ಮನುಷ್ಯನ ಕಡೆಗೆ ಓಡಿದ. ಓಡುವವರನ್ನು ಕಂಡರೆ ಅಟ್ಟುವುದು ಕೋಳಿಗಳಿಗೂ ಇರುವ ಚಾಳಿ. ಹೆಡ್‌ಮಿಸ್ಸು ಮುಂದೆ, ಅದರ ಪರಿವಾರ ಹಿಂದೆ. ಎಣ್ಣೆ ಹಚ್ಚಿ ಮಿಂಚಿಸಿದ್ದ ಆ ಕೆಂಪು ಜುಟ್ಟೇ ಅವಕ್ಕೆ ಗುರಿಯಾಯಿತು. ಆಯಮ್ಮ ಪೊರಕೆ ಹಿಡಿದು ಓಡಿ ಬರುವಷ್ಟರಲ್ಲಿ ಹೀರೋನ ಮುಖವೆಲ್ಲ ರಕ್ತವಾಗಿತ್ತು. ಕ್ಷೌರಿಕ ಗೋಡೆ ಹಾರಿ ಒಳಗೆ ಬಂದಿದ್ದ.

ಕ್ಷೌರದಲ್ಲಿ ಗಾಯವಾದರೆ ಒತ್ತುವ ಪಟಿಕದ ಕಲ್ಲು ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ಒದ್ದೆ ಮಾಡಿ ಜುಟ್ಟಿಗೆ ಒತ್ತಿ ಹಿಡಿದ. ಮೊದಲು ಪ್ರೀತಿಯಿಂದ ಗರಿ ಕತ್ತರಿಸಿದ್ದ, ಈಗ ಪ್ರೀತಿಯಿಂದ ಕರೆದಿದ್ದ, ಎರಡು ಸಲವೂ ಪೆಟ್ಟು ತಿಂದದ್ದು ಆ ಮೂಕಪ್ರಾಣಿ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಬೇಡ ಅಕ್ಕಾ. ತಗೊಂಡು ಹೋಗ್ತೀನಿ."

"ಎಲ್ಲಿಗೆ?"

ಅವನು ಹೀರೋನನ್ನು ಎದೆಗೆ ಅವುಚಿಕೊಂಡ. ಬಾಗಿಲಲ್ಲಿ ನಿಂತಿದ್ದ ಭಾವ ಕೂಡ ಈ ಸಲ ಪಾತ್ರೆಯ ಮಾತು ಎತ್ತಲಿಲ್ಲ.

ಆಯಮ್ಮ ಒಲೆಯ ಮಸಿಯನ್ನು ಬೆರಳಲ್ಲಿ ತೆಗೆದು ಹೀರೋನ ಜುಟ್ಟಿಗೆ ಬಳಿದಳು. ಕೆಂಪು ಕಂಡರೆ ಮತ್ತೆ ಕುಕ್ಕುತ್ತವೆ, ಕಪ್ಪಾದರೆ ಬಿಡುತ್ತವೆ. ಬಳಿಯುತ್ತಲೇ ತಗ್ಗಿದ ದನಿಯಲ್ಲಿ ಹೇಳಿದಳು: "ಗೇಟಿನ ಹತ್ರ ನಿಲ್ಲೋ ಅಮ್ಮಂದಿರೆಲ್ಲ ನಿನ್ನ ಹಾಗೇನೇ. ಕೆಟ್ಟವರಲ್ಲ. ಆದ್ರೆ ಅವರು ಅಲ್ಲಿ ನಿಂತಿರೋವರೆಗೆ ಮಗೂಗೆ ಒಳಗೆ ಯಾರೂ ಕಾಣಿಸಲ್ಲ. ಇವನು ನಿನ್ನ ದನಿ ಕೇಳಿದ್ರೆ ಓಡಿ ಬರೋವರೆಗೆ ಈ ಮನೆಯವನಾಗಲ್ಲ ಕಣೋ. ನಂಗೂ ಹೆದರಿಕೆ ಇದೆ. ಮಕ್ಕಳಾದ್ರೆ ಗೊತ್ತು, ಹುಂಜಾನ ನಾನು ಯಾವತ್ತೂ ಸೇರಿಸಿಲ್ಲ. ಇನ್ನೊಂದ್ಸಲ ಹೀಗಾದ್ರೆ ನಾನೇ ಕೈ ಚೆಲ್ತೀನಿ."

ಆಯಮ್ಮನ ಬಾಯಲ್ಲಿ ಹೆದರಿಕೆ ಎಂಬ ಮಾತನ್ನು ಅವನು ಕೇಳಿದ್ದು ಅದೇ ಮೊದಲು. ಹೀರೋನನ್ನು ಅವಳ ಕೈಗೆ ಕೊಟ್ಟು ಹೊರಟುಹೋದ, ಆಮೇಲೆ ನಿಜಕ್ಕೂ ಆ ಕಡೆ ಸುಳಿಯಲಿಲ್ಲ.

ಇನ್ನು ಮುಂದಿನ ಸುದ್ದಿಯೆಲ್ಲ ಅವನಿಗೆ ಸಿಕ್ಕಿದ್ದು ಭಾವನಿಂದ. ಗಡ್ಡ ಬೆಳೆದಿರಲಿ ಬಿಡಲಿ, ಭಾವ ಅಂಗಡಿಗೆ ಬಂದು ಕುರ್ಚಿ ಹಿಡಿಯುತ್ತಿದ್ದ.

"ಆ ಹೆಡ್‌ಮಿಸ್ಸನ್ನ ನಿಮ್ಮಕ್ಕ ಸಸ್ಪೆಂಡ್ ಮಾಡಿದಾಳೆ," ಎಂದ ಮೊದಲನೇ ಸಲ. "ತಂದು ನಮ್ಮ ಬಚ್ಚಲುಮನೇಲಿ ಕೂಡಿಹಾಕಿದಾಳೆ. ನಾನು ಸ್ನಾನ ಮಾಡ್ಬೇಕಾದ್ರೆ ಕಣ್ಣು ಮಿಟುಕಿಸದೆ ನೋಡುತ್ತೆ ಕಣೋ. ಈ ವಯಸ್ಸಲ್ಲಿ ನಂಗೆ ನಾಚಿಕೆ ಆಗೋ ಹಾಗೆ ಮಾಡಿಬಿಟ್ಲು."

ಮತ್ತೊಮ್ಮೆ ಬಂದಾಗ ಅವನಿಗೆ ಕೋಪ ಬಂದಿತ್ತು. "ನಿನ್ನ ಹುಂಜ ಮಹಾ ಹೊಟ್ಟೆಬಾಕ. ನಿಮ್ಮಕ್ಕ ಏನು ಮಾಡಿದಾಳೆ ಗೊತ್ತಾ? ಹೇಂಟೆಗಳಿಗೆ ತಾನು ಕೈಯಾರೆ ತಿಂಡಿ ಹಾಕೋದನ್ನೇ ಬಿಟ್ಟಿದಾಳೆ. ಅವಕ್ಕೆ ಬರೀ ಕಾಳು. ರುಚಿಯಾದ ಹುಳ ಹುಪ್ಪಟೆ ಎಲ್ಲಾ ಇವನ ಮೂಲೇಲಿ, ಒದ್ದೆ ಗೋಣಿಚೀಲದ ಕೆಳಗೆ. ಚೀಲ ಎತ್ತಿ, ಉಗುರಿಂದ ನೆಲ ಕುಟ್ಟಿ, ಕುಕ್ ಕುಕ್ ಕುಕ್ ಅಂತಾಳೆ. ಇವನೂ ಹಾಗೆ ಕರೀಬೇಕಂತೆ, ಕರೆದು ಹಂಚಬೇಕಂತೆ. ಇವನು ಏನು ಮಾಡ್ತಾನೆ? ಕಂಡಿದ್ದೆಲ್ಲ ಗುಳುಂ. ಥೇಟ್ ನಿನ್ನ ಜೊತೆ ಬೆಳೆದವನು."

"ಅಕ್ಕ ಬೈಯಲ್ವಾ?"

"ಬೈಯೋದೆಲ್ಲಿ? ಅವನು ಒಬ್ಬನೇ ನುಂಗಿದ ತಕ್ಷಣ ಚೀಲ ಮುಚ್ತಾಳೆ, ಸುಮ್ನೆ ಕೂತಿರ್ತಾಳೆ. ಮತ್ತೆ ಎತ್ತುತಾಳೆ. ಬೆಳಗ್ಗೆಯಿಂದ ಊಟದ ಹೊತ್ತಿನ ತನಕ. ನನ್ನ ಊಟದ ಹೊತ್ತಿನ ತನಕ ಅಂದ್ರೆ ಸರಿಯಾಗಿ ಅರ್ಥ ಮಾಡ್ಕೋ, ಊಟ ಆಗಿರಲ್ಲ!"

ಅಂಗಡಿಯಲ್ಲಿದ್ದವರು ನಕ್ಕರು. ಕ್ಷೌರಿಕ ನಗಲಿಲ್ಲ. ಅವನ ಕಣ್ಣ ಮುಂದೆ ಆ ಪಡಸಾಲೆ ಬಂದಿತ್ತು, ಮಡಿಲಲ್ಲಿ ಡಬ್ಬಿ ಹಿಡಿದು ಬಿಕ್ಕುತ್ತಿದ್ದ ಮಗು, ಪಕ್ಕದಲ್ಲಿ ಯಾವ ಅವಸರವೂ ಇಲ್ಲದೆ ಕೂತ ಅಕ್ಕ. ಆ ಮಕ್ಕಳಿಗೆ ಅವಳು ಕೊಟ್ಟದ್ದು ಬಿಸ್ಕತ್ತಲ್ಲ, ತಮ್ಮಿಂದಲೂ ಯಾರಿಗೋ ಏನೋ ಆಗಬೇಕಿದೆ ಎಂಬ ಧೈರ್ಯ. ಅದು ಅವನಿಗೆ ಈಗ ಹೊಳೆಯಿತು. ಇಷ್ಟು ವರ್ಷ ಪಕ್ಕದಲ್ಲೇ ಕೂತು ಕತ್ತರಿ ಆಡಿಸಿದ್ದರೂ ಹೊಳೆದಿರಲಿಲ್ಲ.

ಆಮೇಲೆ ಒಂದು ದಿನ ಭಾವ ಕುರ್ಚಿಯಲ್ಲಿ ಕೂರಲೇ ಇಲ್ಲ, ನಿಂತುಕೊಂಡೇ ಶುರುಮಾಡಿದ. "ಕರೆದ ಕಣೋ! ನಿನ್ನೆ ಕರೆದ! ಚೀಲ ಎತ್ತಿದ್ಲು, ದಪ್ಪ ಹುಳ. ಕೊಕ್ಕಲ್ಲಿ ಎತ್ತಿಕೊಂಡ, ನುಂಗೋಕೆ ಹೋದ, ಅದೇನು ಅನ್ನಿಸ್ತೋ, ಕೆಳಗಿಟ್ಟು ಕುಕ್ ಕುಕ್ ಅಂದ. ಆ ಪುಕ್ಕಲಿ ಇಲ್ವಾ, ಅದು ಅತ್ತ ಇತ್ತ ನೋಡ್ಕೊಂಡು ಜಾಲರಿ ಹತ್ರ ಬಂತು. ಇವನು ಹುಳಾನ ಸಂದಿಯಿಂದ ಆ ಕಡೆ ತಳ್ಳಿದ. ನನ್ನ ಕಣ್ಣಾಣೆ! ತಳ್ಳಿ, ಹಿಂದಕ್ಕೆ ಸರಿದು ನಿಂತ, ದೊಡ್ಡ ಮನುಷ್ಯನ ಹಾಗೆ. ಆ ಪುಕ್ಕಲಿ ಜನ್ಮದಲ್ಲಿ ಮೊದಲನೇ ಸಲ ಮೊದಲನೇ ತುತ್ತು ತಿಂತು."

"ಅಕ್ಕ ಏನಂದ್ಲು?"

"ಒಳಗೆ ಹೋಗಿ ಮುಖ ತೊಳ್ಕೊಂಡು ಬಂದ್ಲು. ಅಳ್ತಾ ಇದ್ಲು ಅಂತ ನಾನು ಹೇಳಿದೆ ಅನ್ಬೇಡ."

ಪುಕ್ಕಲಿಯನ್ನು ಜಾಲರಿಯೊಳಗೆ ಬಿಟ್ಟದ್ದು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೆರಡು ಬಂದದ್ದು, ಹೀರೋ ಗೂಡಿನ ಕೆಳಗಿನ ಅಡ್ಡಪಟ್ಟಿಯ ಮೇಲೆ ಅವುಗಳ ಜೊತೆ ಮಲಗತೊಡಗಿದ್ದು, ಎಲ್ಲ ಸುದ್ದಿಯೂ ಬಂತು. ಇಷ್ಟರಲ್ಲಿ ಭಾವನಲ್ಲೂ ಏನೋ ಬದಲಾಗಿತ್ತು. ಪಕ್ಕದ ಕುರ್ಚಿಯ ಗಿರಾಕಿಯೊಬ್ಬ ಹುಂಜ ಎಷ್ಟು ತೂಗಬಹುದು ಎಂದು ಕೇಳಿದಾಗ, ಮುಖದ ತುಂಬ ನೊರೆ ಇದ್ದ ಭಾವ ಗಕ್ಕನೆ ಎದ್ದು ಕೂತು, "ನೀವು ಎಷ್ಟು ತೂಗ್ತೀರ, ಅದು ಹೇಳಿ ಮೊದಲು," ಎಂದ.

ಆದರೂ ಕ್ಷೌರಿಕನಿಗೆ ನೆಮ್ಮದಿ ಇರಲಿಲ್ಲ. ಹೆಡ್‌ಮಿಸ್ಸು ಇನ್ನೂ ಬಚ್ಚಲುಮನೆಯಲ್ಲಿತ್ತು. ಅದು ಹೊರಗೆ ಬಂದು ಒಂದು ಸಲ ಗರಿ ಬಿಚ್ಚಿ ನಿಂತರೆ ಹೀರೋ ಮತ್ತೆ ಓಡುತ್ತಾನೆ, ಓಡಿದರೆ ಉಳಿದವೂ ಅಟ್ಟುತ್ತವೆ, ಅಲ್ಲಿಗೆ ಎಲ್ಲ ಮುಗಿದ ಹಾಗೆಯೇ. ಕೈ ಚೆಲ್ಲುತ್ತೇನೆ ಎಂದು ಅಕ್ಕ ಹೇಳಿಯಾಗಿತ್ತು, ಅವಳು ಹೇಳಿದ ಮಾತು ತಪ್ಪುವವಳಲ್ಲ.

ಎಂದೂ ಅಂಗಡಿಯ ಮೆಟ್ಟಿಲು ಹತ್ತದ ಆಯಮ್ಮ ಒಂದು ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತಳು. ಕೂತಿದ್ದವರೆಲ್ಲ ಎದ್ದುನಿಂತರು.

"ನಾಳೆ ಬೆಳಗ್ಗೆ ಬಾ," ಎಂದಳು ತಮ್ಮನಿಗೆ. "ಹೆಡ್‌ಮಿಸ್ಸನ್ನ ಹೊರಗೆ ಬಿಡ್ತೀನಿ."

"ಆಗದೆ ಹೋದ್ರೆ ಅಕ್ಕಾ?"

"ಆಗದೆ ಹೋದ್ರೂ ನೀನು ಅಲ್ಲಿರಬೇಕಲ್ವೇನೋ."

ಬೆಳಗ್ಗೆ ಅಡುಗೆಮನೆಯ ಕಿಟಕಿಯ ಹಿಂದೆ ಮೂವರೂ ನಿಂತರು. ಕ್ಷೌರಿಕ ಕಣ್ಣರಳಿಸಿ ನೋಡಿದ. ಹೀರೋ ಪೇರಲ ಮರದ ಕೆಳಗಿದ್ದ. ಕತ್ತಿನ ಗರಿ ಹಾಗೆಯೇ ಮೋಟು, ಜುಟ್ಟಿನ ಒಂದು ತುದಿ ಹರಿದು ಒಣಗಿತ್ತು. ಆದರೆ ನಿಂತ ರೀತಿಯೇ ಬೇರೆ. ಈಗ ಅವನು ತನ್ನನ್ನು ನೋಡಿಕೊಳ್ಳುತ್ತಿರಲಿಲ್ಲ. ಕಾಲಿನಿಂದ ನೆಲ ಕೆದಕುತ್ತಿದ್ದ, ಆಗಾಗ ತಲೆ ಎತ್ತಿ ಆಕಾಶ ನೋಡುತ್ತಿದ್ದ, ಗೋಡೆ ನೋಡುತ್ತಿದ್ದ, ಸುತ್ತ ಮೇಯುತ್ತಿದ್ದ ಹೇಂಟೆಗಳನ್ನು ಒಂದೊಂದಾಗಿ ನೋಡುತ್ತಿದ್ದ.

ಆಯಮ್ಮ ಬಚ್ಚಲುಮನೆಯ ಬಾಗಿಲು ತೆರೆದು ಬಂದಳು. ಹೆಡ್‌ಮಿಸ್ಸು ಹೊರಬಂತು. ಮೈ ಕೊಡವಿತು. ಹಿತ್ತಿಲನ್ನು ಒಂದು ಸುತ್ತು ಕಣ್ಣಲ್ಲೇ ಅಳೆದು, ನೇರವಾಗಿ ಪೇರಲ ಮರದ ಕಡೆಗೆ ನಡೆಯಿತು. ಹೇಂಟೆಗಳು ಸರಿದು ದಾರಿ ಬಿಟ್ಟವು. ಹೀರೋನ ಎದುರಿಗೆ ನಿಂತು ಕತ್ತಿನ ಗರಿಗಳನ್ನೆಲ್ಲ ಬಿಚ್ಚಿತು.

ಕ್ಷೌರಿಕ ಕಿಟಕಿಯ ಸರಳು ಹಿಡಿದುಕೊಂಡ. ಓಡಬೇಡ ಕಂದಾ ಎಂದು ಮನಸ್ಸಿನಲ್ಲೇ ಬೇಡಿಕೊಂಡ, ಬಾಯಿಗೆ ಬಂದದ್ದನ್ನು ನುಂಗಿಕೊಂಡ.

ಹೀರೋ ಓಡಲಿಲ್ಲ. ಗರಿ ಬಿಚ್ಚುವ ಗೋಜಿಗೂ ಹೋಗಲಿಲ್ಲ. ನಿಂತಲ್ಲೇ ನೆಲವನ್ನೊಮ್ಮೆ ಕೆದಕಿ, ಸಿಕ್ಕಿದ್ದನ್ನು ಕೊಕ್ಕಿನಲ್ಲಿ ಎತ್ತಿ, ಹೆಡ್‌ಮಿಸ್ಸಿನ ಕಾಲ ಬುಡದಲ್ಲಿ ಇಟ್ಟ. ಕುಕ್ ಕುಕ್ ಕುಕ್ ಎಂದ. ಅದು ನೋಡಿತು. ಬಹಳ ಹೊತ್ತು ನೋಡಿತು. ಬಿಚ್ಚಿದ ಗರಿ ನಿಧಾನವಾಗಿ ಮಡಚಿಕೊಂಡಿತು. ಬಗ್ಗಿ ಆ ತುತ್ತನ್ನು ತಿಂದಿತು. ತಿಂದ ಮೇಲೆ, ಹಿರಿತನ ಬಿಟ್ಟುಕೊಡಬಾರದಲ್ಲ, ಹೀರೋನ ತಲೆಗೆ ಮೆಲ್ಲಗೆ ಒಂದು ಕುಕ್ಕಿ, ಬಿಸಿಲಲ್ಲಿ ಮಣ್ಣು ಕೆದರಿಕೊಂಡು ಹೊರಳತೊಡಗಿತು.

ಭಾವ ಚಪ್ಪಾಳೆ ತಟ್ಟಲು ಹೋಗಿ ಆಯಮ್ಮನ ಕಣ್ಣಿಗೆ ಸಿಕ್ಕಿ ಕೈ ಇಳಿಸಿದ. ಕ್ಷೌರಿಕ ಅಕ್ಕನ ಕಡೆ ತಿರುಗಿದ. ಅವಳು ಬೆವತಿದ್ದಳು. ಇಡೀ ಬೀದಿಯನ್ನು ನಡುಗಿಸುವ ಹೆಂಗಸು ಅಡುಗೆಕಟ್ಟೆ ಹಿಡಿದುಕೊಂಡು ನಿಂತಿದ್ದಳು.

"ಅಕ್ಕಾ, ನಿನ್ನಂಥವಳು ಇನ್ನೊಬ್ಬಳಿಲ್ಲ," ಎಂದ ಅವನು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರದ ಮಾತು ಅದು.

"ಸಾಕು ಸುಮ್ನಿರು," ಎಂದಳು ಅವಳು, ಆದರೆ ಮುಖ ಅರಳಿತ್ತು. "ಹೋಗು. ಈಗ ಹೋಗಿ ಮಾತಾಡಿಸು."

ಅವನು ಹಿತ್ತಿಲಿಗೆ ಇಳಿದ. ಎರಡೂ ಕೈ ಚಾಚಿ, "ಹೀರೋ! ಬಾರೋ ಕಂದಾ!" ಎಂದ. ಹೀರೋ ತಲೆ ಎತ್ತಿದ. ಒಂದು ಕ್ಷಣ ಅದೇ ಹಳೆಯ ಹಾಗೆ ಕತ್ತು ಓರೆ ಮಾಡಿದ. ಕ್ಷೌರಿಕ ಇನ್ನೊಂದು ಹೆಜ್ಜೆ ಮುಂದಿಟ್ಟ. ಹೇಂಟೆಗಳು ಗಾಬರಿಯಾಗಿ ಚದುರಿದವು. ಅಷ್ಟೇ ತಡ, ಹೀರೋ ರೆಕ್ಕೆ ಇಳಿಬಿಟ್ಟು, ನೆಲ ಬಿಟ್ಟು ನೆಗೆದು ಬಂದು, ಎಳೆಯ ಕಾಲುಮುಳ್ಳಿನಿಂದ ಅವನ ಮೊಣಕಾಲ ಕೆಳಗೆ ಬಾರಿಸಿದ. ಹಿಂದಕ್ಕೆ ಹಾರಿ, ಹೇಂಟೆಗಳಿಗೆ ಅಡ್ಡ ನಿಂತು, ಮೋಟು ಗರಿಗಳನ್ನು ಬಿಚ್ಚಿದ.

ಕ್ಷೌರಿಕ ಕಾಲು ನೋಡಿಕೊಂಡ. ತೆಳ್ಳಗೆ ರಕ್ತ ಬರುತ್ತಿತ್ತು. ಕುರ್ಚಿಯ ಕೆಳಗೆ ಬೆಳೆದದ್ದು, ತಟ್ಟೆಯ ಪಕ್ಕ ಕೂತದ್ದು, ತನ್ನ ದನಿಗೆ ಗೋಡೆಯವರೆಗೂ ಓಡಿ ಬಂದದ್ದು ಈ ಹುಂಜವೇ. ಅವನಿಗೆ ನೋವಾಯಿತು, ಕಾಲಿಗಿಂತ ಮೇಲೆ, ಇನ್ನೆಲ್ಲೋ. ಜೊತೆಗೇ ಹೊಟ್ಟೆಯಾಳದಿಂದ ನಗು ಉಕ್ಕಿತು. ನಗುತ್ತಿದ್ದಂತೆಯೇ ಕಣ್ಣು ತುಂಬಿ ಬಂದವು.

"ನನಗೇ ಹೊಡೆದ, ಅಕ್ಕಾ! ನನಗೇ!"

"ಹೂಂ," ಎಂದಳು ಆಯಮ್ಮ ಕಿಟಕಿಯಿಂದ. "ಇನ್ನು ಯಾರು ಬಂದ್ರೂ ಹೊಡೀತಾನೆ. ಈ ಕಡೆ ಬಂದುಬಿಡು."

ಹೀರೋ ಇನ್ನೂ ಹಾಗೆಯೇ ನಿಂತಿದ್ದ. ಕ್ಷೌರಿಕನಿಗೆ ಇನ್ನೊಂದು ಸಲ ಹೆಸರು ಹಿಡಿದು ಕರೆಯಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಕರೆಯಲಿಲ್ಲ. ಕೈ ಇಳಿಸಿ, ಬೆನ್ನು ತಿರುಗಿಸದೆ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು, ಹೊಸ್ತಿಲು ದಾಟಿ, ಹಿತ್ತಿಲಿನ ಬಾಗಿಲನ್ನು ತಾನೇ ಮೆಲ್ಲಗೆ ಮುಚ್ಚಿದ.